ಜಾಲತಾಣದ ನಾಮಫಲಕವನ್ನು ಬರೆಯಬೇಕಾದವರು ಯಾರು?

ಪೇಟೆಯಲ್ಲಿ ಹೊಸದಾಗಿ ಅಂಗಡಿ ತೆರೆಯುವ ವರ್ತಕರು ನಾಮಫಲಕದ ವಿಷಯದಲ್ಲಿ ತೋರುವ ಕಾಳಜಿಯನ್ನು ನಾವೆಲ್ಲರೂ ಬಲ್ಲೆವು. ಅಕ್ಷರಗಳ ಗಾತ್ರವೆಷ್ಟಿರಬೇಕು, ಹೆಸರಿನ ಕೆಳಗೆ ಯಾವ ಯಾವ ಸರಕುಗಳ ಉಲ್ಲೇಖವಿರಬೇಕು, ಸಗಟು ವ್ಯಾಪಾರವೋ ಚಿಲ್ಲರೆ ವ್ಯಾಪಾರವೋ ಎಂಬುದು ಎಲ್ಲಿ ಕಾಣಿಸಬೇಕು ಎಂಬುದನ್ನೆಲ್ಲ ಅವರು ತಾವೇ ನಿಂತು ಬರೆಸುತ್ತಾರೆ. ಫಲಕ ಬರೆಯುವವನ ಕೈಯಲ್ಲಿ ಕುಂಚವಿದ್ದರೂ ಬರೆಯಬೇಕಾದ ಮಾತು ಮಾಲೀಕರದೇ ಆಗಿರುತ್ತದೆ. ಆದರೆ ಅದೇ ವರ್ತಕರು ತಮ್ಮ ಸಂಸ್ಥೆಗೆ ಜಾಲತಾಣವೊಂದನ್ನು ಮಾಡಿಸಿದಾಗ, ಅದರ ನಾಮಫಲಕದ ಮೇಲೆ ಏನು ಬರೆದಿದೆಯೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಜಾಲತಾಣಕ್ಕೂ ಒಂದು ನಾಮಫಲಕವಿದೆ ಎಂಬ ಸಂಗತಿಯೇ ಬಹುಮಂದಿಯ ಗಮನಕ್ಕೆ ಬಂದಿರುವುದಿಲ್ಲ.

ಗ್ರಾಹಕನೊಬ್ಬ ಗೂಗಲ್ ಮುಂತಾದ ಸರ್ಚ್ ಇಂಜಿನ್‌ಗಳಲ್ಲಿ ತನಗೆ ಬೇಕಾದ ಸರಕಿನ ಹೆಸರನ್ನು ಬರೆದು ಹುಡುಕಿದಾಗ ಅವನ ಕಣ್ಣಿಗೆ ಮೊದಲು ಬೀಳುವುದು ನಮ್ಮ ಜಾಲತಾಣವಲ್ಲ. ಅದರ ಬಗೆಗಿನ ಒಂದು ಶೀರ್ಷಿಕೆ ಮತ್ತು ಅದರ ಕೆಳಗಿನ ಒಂದೆರಡು ಸಾಲಿನ ವಿವರಣೆ. ಲಕ್ಷಾಂತರ ರೂಪಾಯಿ ವೆಚ್ಚ ಮಾಡಿ ಸಿದ್ಧಪಡಿಸಿದ ಪುಟಗಳೊಳಗೆ ಅವನು ಕಾಲಿಡುವನೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ನಿರ್ಧಾರವಾಗುತ್ತದೆ. ಇಂತಹ ಮಹತ್ವದ ಮಾತುಗಳನ್ನು ಬರೆಯುವ ಕೆಲಸವನ್ನು ನಾವು ವ್ಯಾಪಾರದ ಕೆಲಸವೆಂದು ಪರಿಗಣಿಸದೆ, ಕಂಪ್ಯೂಟರ್ ತಂತ್ರಜ್ಞರ ಕೆಲಸವೆಂದು ಬಗೆದು ಅವರಿಗೆ ಬಿಟ್ಟುಕೊಟ್ಟಿದ್ದೇವೆ. ಇದು ಸರಿಯಲ್ಲವೆಂಬುದನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಸಾಲುಗಳ ಸ್ವರೂಪ

ಜಾಲತಾಣದ ಪ್ರತಿಯೊಂದು ಪುಟದ ಹಿನ್ನೆಲೆಯಲ್ಲಿ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯ ಬರವಣಿಗೆಯಿರುತ್ತದೆ. ಅದರ ತಲೆಭಾಗದಲ್ಲಿ ಪುಟದ ಶೀರ್ಷಿಕೆಗೆಂದು ಒಂದು ಸ್ಥಾನ, ವಿವರಣೆಗೆಂದು ಇನ್ನೊಂದು ಸ್ಥಾನ ಇರುತ್ತವೆ. ಇವನ್ನು ಟೈಟಲ್ ಮತ್ತು ಮೆಟಾ ಡಿಸ್ಕ್ರಿಪ್ಷನ್ ಎಂದು ಕರೆಯುತ್ತಾರೆ. ಪುಟವನ್ನು ತೆರೆದು ನೋಡುವವರಿಗೆ ಇವು ಪುಟದ ಮೈಮೇಲೆ ಕಾಣಿಸುವುದಿಲ್ಲವಾದ್ದರಿಂದ ಮಾಲೀಕರು ಗಮನಿಸದೆ ಹೋಗುವುದು ಸಹಜ. ಆದರೆ ಸರ್ಚ್ ಇಂಜಿನ್ ತನ್ನ ಫಲಿತಾಂಶಗಳಲ್ಲಿ ಸಾಮಾನ್ಯವಾಗಿ ಶೀರ್ಷಿಕೆಯನ್ನು ದೊಡ್ಡ ಅಕ್ಷರಗಳ ಕೊಂಡಿಯಾಗಿಯೂ, ವಿವರಣೆಯನ್ನು ಅದರ ಕೆಳಗಿನ ಸಣ್ಣ ಅಕ್ಷರಗಳ ಸಾಲುಗಳಾಗಿಯೂ ತೋರಿಸುತ್ತದೆ.

ಶೀರ್ಷಿಕೆ ಹೇಗಿರಬೇಕೆಂಬ ಚಿಂತನೆ ಸರ್ಚ್ ಇಂಜಿನ್‌ಗಳ ಪೈಪೋಟಿಯಿಂದ ಹುಟ್ಟಿದ್ದಲ್ಲ. ಗೂಗಲ್ ಸಂಸ್ಥೆ ಸ್ಥಾಪನೆಯಾದದ್ದು 1998ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, 1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿಯ ನಿಯಮಾವಳಿಯಲ್ಲಿಯೇ ಪ್ರತಿ ಪುಟಕ್ಕೂ ಶೀರ್ಷಿಕೆ ಇರಲೇಬೇಕೆಂದು ವಿಧಿಸಲಾಗಿತ್ತು. ಶೀರ್ಷಿಕೆಯು 64 ಅಕ್ಷರಗಳಿಗಿಂತ ಕಡಿಮೆಯಿರುವುದು ಒಳಿತೆಂದೂ, ಪುಟದಿಂದ ಬೇರ್ಪಡಿಸಿ ಓದಿದಾಗಲೂ ಅರ್ಥ ಕೊಡುವಂತಿರಬೇಕೆಂದೂ, ಬರೀ ‘ಪೀಠಿಕೆ’ ಎಂಬಂತಹ ಒಂಟಿ ಪದದಿಂದ ಪ್ರಯೋಜನವಿಲ್ಲವೆಂದೂ ಅಲ್ಲಿ ಸೂಚಿಸಲಾಗಿತ್ತು. ಮೂರು ದಶಕಗಳ ನಂತರವೂ ಈ ಸಲಹೆಯಲ್ಲಿ ಬದಲಿಸಬೇಕಾದ್ದು ಹೆಚ್ಚೇನೂ ಇಲ್ಲ.

ಇಷ್ಟಾದರೂ ನಮ್ಮ ಉದ್ದಿಮೆಗಳ ಜಾಲತಾಣಗಳಲ್ಲಿ ಇಂದಿಗೂ ಕಾಣಸಿಗುವ ಶೀರ್ಷಿಕೆಗಳು ಯಾವುವು? ‘ಹೋಮ್’, ‘ವೆಲ್ಕಮ್ ಟು ಅವರ್ ವೆಬ್‌ಸೈಟ್’, ‘ಪ್ರಾಡಕ್ಟ್ಸ್’, ‘ಅನ್‌ಟೈಟಲ್ಡ್ ಡಾಕ್ಯುಮೆಂಟ್’. ಕೊನೆಯದಂತೂ ಪುಟ ತಯಾರಿಸುವ ತಂತ್ರಾಂಶವು ತಾನಾಗಿ ಹಾಕಿಕೊಡುವ ‘ಹೆಸರಿಡದ ಕಡತ’ ಎಂಬ ಗುರುತು. ಅದನ್ನು ಬದಲಿಸುವ ಗೊಡವೆಗೂ ಯಾರೂ ಹೋಗಿಲ್ಲವೆಂದು ಅರ್ಥ. ಪೇಟೆಯ ನಡುವಿನ ಅಂಗಡಿಯ ಮೇಲೆ ‘ಇದೊಂದು ಅಂಗಡಿ’ ಎಂದು ಫಲಕ ತೂಗುಹಾಕಿದರೆ ಹೇಗಿರುತ್ತದೆಯೋ ಇದೂ ಹಾಗೆಯೇ.

ಇನ್ನೊಂದು ಬಗೆಯ ದೋಷವೂ ಇದೆ. ನಲವತ್ತು ಬಗೆಯ ಸರಕುಗಳಿಗೆ ನಲವತ್ತು ಪುಟಗಳನ್ನು ಮಾಡಿಸಿ, ಎಲ್ಲಕ್ಕೂ ಸಂಸ್ಥೆಯ ಹೆಸರೊಂದನ್ನೇ ಶೀರ್ಷಿಕೆಯಾಗಿ ಕೊಡುವುದು. ಗೋದಾಮಿನಲ್ಲಿ ಎಲ್ಲ ಚೀಲಗಳ ಮೇಲೂ ಒಂದೇ ಚೀಟಿ ಅಂಟಿಸಿದರೆ ಹಮಾಲರು ಏನು ಮಾಡಿಯಾರು? ಯಾವ ಚೀಲದಲ್ಲಿ ಏನಿದೆಯೆಂದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಹೊತ್ತು ತಂದಾರು. ಸರ್ಚ್ ಇಂಜಿನ್ನಿನ ಸ್ಥಿತಿಯೂ ಅದೇ.

ಮೆಣಸಿನಕಾಯಿಯ ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ನಮಗೆಲ್ಲ ಪರಿಚಿತವಾದ ಸರಕೊಂದನ್ನು ತೆಗೆದುಕೊಳ್ಳೋಣ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಲ್ಲಿ ಗಿಡ್ಡನೆಯ, ದುಂಡಗಿನ ‘ಡಬ್ಬಿ’ ಹಾಗೂ ಉದ್ದನೆಯ, ತೆಳ್ಳನೆಯ ‘ಕಡ್ಡಿ’ ಎಂಬ ಎರಡು ಬಗೆಗಳಿರುವುದು ವರ್ತಕರಿಗೆ ತಿಳಿದ ವಿಷಯ. ಇದನ್ನು ಕೊಳ್ಳುವವರಲ್ಲಿ ಮಸಾಲೆ ಪುಡಿ ತಯಾರಕರಿದ್ದಾರೆ, ಹೋಟೆಲ್ ಉದ್ಯಮಿಗಳಿದ್ದಾರೆ, ಮೆಣಸಿನಕಾಯಿಯಿಂದ ಬಣ್ಣದ ಸತ್ವವಾದ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳಿವೆ, ರಫ್ತುದಾರರಿದ್ದಾರೆ.

ಈ ಪೈಕಿ ಯಾರೊಬ್ಬರೂ ವರ್ತಕರಿಗೆ ದೂರವಾಣಿ ಮಾಡಿದಾಗ ‘ನಿಮ್ಮ ಗುಣಮಟ್ಟ ಅತ್ಯುತ್ತಮವೇ?’ ಎಂದು ಕೇಳುವುದಿಲ್ಲ. ಡಬ್ಬಿಯೋ ಕಡ್ಡಿಯೋ, ತೊಟ್ಟು ಸಹಿತವೋ ತೊಟ್ಟು ತೆಗೆದದ್ದೋ, ಹೊಸ ಬೆಳೆಯೋ ಶೀತಲಗೃಹದಲ್ಲಿಟ್ಟದ್ದೋ, ಬಣ್ಣದ ಆಸ್ಟಾ ಪ್ರಮಾಣವೆಷ್ಟು, ಕನಿಷ್ಠ ಎಷ್ಟು ಕೊಳ್ಳಬೇಕು, ಸಾಗಣೆ ಯಾರದು ಎಂದೇ ಅವರು ಕೇಳುತ್ತಾರೆ. ಜಾಲದಲ್ಲಿ ಹುಡುಕುವಾಗಲೂ ಅವರ ಮನಸ್ಸಿನಲ್ಲಿರುವುದು ಇವೇ ಪ್ರಶ್ನೆಗಳು.

ಈಗ ಎರಡು ಬಗೆಯ ಫಲಿತಾಂಶಗಳನ್ನು ಹೋಲಿಸಿ ನೋಡಬಹುದು. ಮೊದಲನೆಯದರ ಶೀರ್ಷಿಕೆ: ‘ಹೋಮ್ – ಟ್ರೇಡರ್ಸ್ ಅಂಡ್ ಕಮಿಷನ್ ಏಜೆಂಟ್ಸ್’. ವಿವರಣೆ: ‘ನಾವು ಅತ್ಯುತ್ತಮ ಗುಣಮಟ್ಟದ ಸರಕುಗಳನ್ನು ಅತ್ಯಂತ ಸ್ಪರ್ಧಾತ್ಮಕ ದರದಲ್ಲಿ ಒದಗಿಸುತ್ತೇವೆ. ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ.’ ಈ ಮಾತನ್ನು ಸಿಮೆಂಟ್ ಮಾರುವವರೂ ಹೇಳಬಹುದು, ಸೀರೆ ಮಾರುವವರೂ ಹೇಳಬಹುದು. ಎರಡನೆಯದರ ಶೀರ್ಷಿಕೆ: ‘ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ತೊಟ್ಟು ತೆಗೆದದ್ದು – ಸಗಟು ಮಾರಾಟ, ಬ್ಯಾಡಗಿ’, ಅದರ ಮುಂದೆ ಸಂಸ್ಥೆಯ ಹೆಸರು. ವಿವರಣೆ: ‘ಈ ಹಂಗಾಮಿನ ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿ. ಪ್ರತಿ ಲಾಟಿಗೂ ಆಸ್ಟಾ ಬಣ್ಣದ ಪರೀಕ್ಷಾ ವರದಿ. ಕನಿಷ್ಠ 100 ಕಿಲೋ. ಮಾದರಿ ಕಳುಹಿಸಿಕೊಡಲಾಗುವುದು.’ ಮಸಾಲೆ ಕಾರ್ಖಾನೆಯ ಖರೀದಿ ಅಧಿಕಾರಿ ಇವೆರಡರಲ್ಲಿ ಯಾವುದನ್ನು ಒತ್ತುತ್ತಾನೆಂದು ವಿವರಿಸಬೇಕಾದ ಅಗತ್ಯವಿಲ್ಲ.

ಎರಡನೆಯ ವಿವರಣೆಯಲ್ಲಿ ತಂತ್ರಜ್ಞಾನದ ಮಾತು ಒಂದೂ ಇಲ್ಲವೆಂಬುದು ಗಮನಿಸತಕ್ಕ ಅಂಶ. ಅಲ್ಲಿರುವುದೆಲ್ಲ ವರ್ತಕರಿಗೆ ಮಾತ್ರ ಗೊತ್ತಿರುವ ಸಂಗತಿ. ಜಾಲತಾಣ ರಚಿಸುವ ಯುವಕನಿಗೆ ಡಬ್ಬಿ ಯಾವುದು, ಕಡ್ಡಿ ಯಾವುದು ಎಂಬುದು ತಿಳಿದಿರಬೇಕೆಂದು ನಾವು ಅಪೇಕ್ಷಿಸುವುದು ನ್ಯಾಯವೂ ಅಲ್ಲ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆಗಳಿಂದ ಜೋಡಿಸುವ ‘ತೋಪ್ ತೆನಿ’ ವಿಧಾನದ ಹೆಸರು ಶೀರ್ಷಿಕೆಯಲ್ಲಿದ್ದರೆ ಬಲ್ಲವರು ಅಲ್ಲಿಗೇ ಬರುತ್ತಾರೆಂಬುದು ನೇಕಾರಿಕೆ ಬಲ್ಲವರಿಗೆ ಹೊಳೆಯಬೇಕು. ಬೆಳಗಾವಿಯ ಎರಕದ ಕಾರ್ಖಾನೆಯ ಮಾಲೀಕರಿಗೆ, ಗ್ರೇ ಐರನ್ ಕಾಸ್ಟಿಂಗ್ ಎಷ್ಟು ಕಿಲೋದಿಂದ ಎಷ್ಟು ಕಿಲೋ ತೂಕದವರೆಗೆ ಮಾಡಿಕೊಡಲು ಸಾಧ್ಯವೆಂಬುದೇ ಖರೀದಿದಾರರ ಮೊದಲ ಪ್ರಶ್ನೆಯೆಂದು ಗೊತ್ತು. ಚನ್ನಪಟ್ಟಣದ ಆಟಿಕೆ ತಯಾರಕರಿಗೆ, ಮಕ್ಕಳ ತಾಯ್ತಂದೆಯರು ಕೇಳುವುದು ಮರ ಯಾವುದು, ಬಣ್ಣ ಅರಗಿನದೋ ರಾಸಾಯನಿಕದ್ದೋ ಎಂದು ಗೊತ್ತು. ಗಲ್ಲೆಯ ಮುಂದೆ ಕುಳಿತವರ ಕಿವಿಗೆ ದಿನವೂ ಬೀಳುವ ಈ ಪ್ರಶ್ನೆಗಳೇ ಶೀರ್ಷಿಕೆ ಮತ್ತು ವಿವರಣೆಗಳ ನಿಜವಾದ ಮೂಲದ್ರವ್ಯ.

ಮೊದಲು ಸರಕು, ಆಮೇಲೆ ಹೆಸರು

ನಮ್ಮಲ್ಲಿ ಆಮಂತ್ರಣ ಪತ್ರಿಕೆ ಬರೆಯುವ ಒಂದು ಕ್ರಮವಿದೆ. ಮೊದಲು ಕುಲದೇವತೆಯ ಸ್ಮರಣೆ, ನಂತರ ಹಿರಿಯರ ಹೆಸರು, ಅನಂತರ ವಧೂವರರು, ಕೊನೆಯಲ್ಲಿ ಸ್ಥಳ ಮತ್ತು ವೇಳೆ. ಆಮಂತ್ರಣಕ್ಕೆ ಇದು ಶೋಭೆ. ಇದೇ ಅಭ್ಯಾಸದಿಂದ ಪುಟದ ಶೀರ್ಷಿಕೆಯನ್ನೂ ‘ಮೆಸರ್ಸ್ ಶ್ರೀ’ ಎಂದು ಆರಂಭಿಸಿ, ದೇವರ ಹೆಸರು, ‘ಅಂಡ್ ಸನ್ಸ್’, ‘ಪ್ರೈವೇಟ್ ಲಿಮಿಟೆಡ್’ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಮೊಬೈಲ್ ಪರದೆಯ ಸ್ಥಳವೇ ಮುಗಿದಿರುತ್ತದೆ. ಸರಕಿನ ಹೆಸರು ಇರಬೇಕಾದ ಜಾಗದಲ್ಲಿ ಮೂರು ಚುಕ್ಕೆಗಳು ಉಳಿಯುತ್ತವೆ. ಒಂದೇ ದೇವರ ಹೆಸರಿನ ಅಂಗಡಿಗಳು ಪ್ರತಿ ಪೇಟೆಯಲ್ಲಿಯೂ ಇರುವುದರಿಂದ ದೂರದ ಗ್ರಾಹಕನಿಗೆ ಆ ಹೆಸರಿನಿಂದ ಗುರುತು ಸಿಗುವುದಿಲ್ಲ. ಸಂಸ್ಥೆಯ ಹೆಸರನ್ನು ಬಲ್ಲವನು ಅದನ್ನೇ ಹುಡುಕಿ ಬರುತ್ತಾನೆ. ಬಲ್ಲದವನು ಸರಕನ್ನು ಹುಡುಕಿ ಬರುತ್ತಾನೆ. ಹೊಸ ಗ್ರಾಹಕನು ಈ ಎರಡನೆಯ ವರ್ಗದವನು. ಆದ್ದರಿಂದ ಸರಕು ಮೊದಲು, ಊರು ಅನಂತರ, ಸಂಸ್ಥೆಯ ಹೆಸರು ಕೊನೆಗೆ ಎಂಬ ಕ್ರಮವೇ ಒಳಪುಟಗಳಿಗೆ ಯುಕ್ತ.

ಎಷ್ಟು ಅಕ್ಷರ ಇರಬೇಕೆಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಶೀರ್ಷಿಕೆಯ ಉದ್ದಕ್ಕೆ ಗೂಗಲ್ ಯಾವ ಮಿತಿಯನ್ನೂ ವಿಧಿಸಿಲ್ಲ. ಪರದೆಯ ಅಗಲಕ್ಕೆ ಹೊಂದುವಷ್ಟನ್ನು ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ. ಇಂಗ್ಲಿಷಿಗೆ 50ರಿಂದ 60 ಅಕ್ಷರಗಳೆಂದು ಹೇಳುವ ಲೆಕ್ಕ ಕನ್ನಡಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ನಮ್ಮ ಅಕ್ಷರಗಳು ಅಗಲವಾದವು. ಕಂಪ್ಯೂಟರಿನ ಎಣಿಕೆಯಲ್ಲಿ ‘ಕ್ಷ’ ಎಂಬ ಒಂದು ಒತ್ತಕ್ಷರವೇ ಮೂರು ಸಂಕೇತಗಳಾಗುತ್ತದೆ. ವಿವರಣೆಯ ಉದ್ದವೂ ಸ್ಥಿರವಲ್ಲ. 2017ರ ಡಿಸೆಂಬರ್‌ನಲ್ಲಿ ಗೂಗಲ್ ವಿವರಣೆಯ ಸಾಲುಗಳನ್ನು ಗಣನೀಯವಾಗಿ ಹೆಚ್ಚಿಸಿ, 2018ರ ಮೇ ತಿಂಗಳಲ್ಲಿ ಮತ್ತೆ ಮೊಟಕುಗೊಳಿಸಿತು. ಆ ನಡುವೆ ಅವಸರದಿಂದ ಎಲ್ಲ ವಿವರಣೆಗಳನ್ನೂ ಹಿಗ್ಗಿಸಿದವರ ಶ್ರಮ ವ್ಯರ್ಥವಾಯಿತು. ಮುಖ್ಯವಾದದ್ದನ್ನು ಮೊದಲ ಐದಾರು ಪದಗಳಲ್ಲಿಯೇ ಹೇಳಿಬಿಟ್ಟವರಿಗೆ ಯಾವ ಬದಲಾವಣೆಯಿಂದಲೂ ನಷ್ಟವಾಗಲಿಲ್ಲ.

ಕನ್ನಡವೋ ಇಂಗ್ಲಿಷೋ?

ರಾಜ್ಯದಲ್ಲಿ 2024ರಲ್ಲಿ ಆದ ಕಾನೂನು ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು. ಜಾಲದ ನಾಮಫಲಕಕ್ಕೆ ಅಂತಹ ನಿರ್ಬಂಧವೇನೂ ಇಲ್ಲ. ಆದರೆ ಕಾನೂನಿನ ಒತ್ತಾಯವಿಲ್ಲದೆಯೂ ಕನ್ನಡವನ್ನು ಬಳಸಲು ಇಲ್ಲಿ ವ್ಯಾಪಾರದ ಕಾರಣವೇ ಇದೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲಿ ಮಾತನಾಡಿ ಹುಡುಕುವ ಸೌಲಭ್ಯವನ್ನು ಒದಗಿಸಿದ ನಂತರ, ಕೀಲಿಮಣೆಯ ಅಭ್ಯಾಸವಿಲ್ಲದ ರೈತರೂ ಗೃಹಿಣಿಯರೂ ತಮ್ಮ ಮಾತಿನಲ್ಲಿಯೇ ಸರಕು ಹುಡುಕಬಲ್ಲವರಾಗಿದ್ದಾರೆ. ಕೃಷಿ ಉಪಕರಣ, ಬಿತ್ತನೆ ಬೀಜ, ಪಂಪ್‌ಸೆಟ್ ದುರಸ್ತಿ ಮುಂತಾದ ವ್ಯವಹಾರದಲ್ಲಿರುವವರು ತಮ್ಮ ಪುಟಗಳಲ್ಲಿ ಒಂದು ಕನ್ನಡ ಪದವನ್ನೂ ಇರಿಸದಿದ್ದರೆ ಈ ಗ್ರಾಹಕರನ್ನು ತಾವಾಗಿಯೇ ದೂರವಿಟ್ಟಂತೆ.

ಹಾಗೆಂದು ಹೊರರಾಜ್ಯ ಮತ್ತು ಹೊರದೇಶಗಳ ಖರೀದಿದಾರರನ್ನು ಮರೆಯಲಾಗದು. ಎರಡೂ ಭಾಷೆಗಳನ್ನು ಒಂದೇ ಶೀರ್ಷಿಕೆಯಲ್ಲಿ ತುರುಕುವುದಕ್ಕಿಂತ, ಕನ್ನಡಕ್ಕೊಂದು ಪುಟ, ಇಂಗ್ಲಿಷಿಗೊಂದು ಪುಟ ಮಾಡಿಸಿ ಪ್ರತಿಯೊಂದಕ್ಕೂ ಅದರದೇ ಭಾಷೆಯ ಶೀರ್ಷಿಕೆ ಕೊಡುವುದು ಲೇಸು. ಪುಟದ ಭಾಷೆ ಒಂದು, ಶೀರ್ಷಿಕೆಯ ಭಾಷೆ ಇನ್ನೊಂದು ಆಗಿದ್ದಲ್ಲಿ ಶೀರ್ಷಿಕೆಯನ್ನು ತಾನೇ ಬದಲಿಸಬಹುದೆಂದು ಗೂಗಲ್ 2022ರ ಜೂನ್‌ನಲ್ಲಿ ಪ್ರಕಟಿಸಿದೆ.

ಊರಿನ ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಕನ್ನಡದ ಉಚ್ಚಾರಣೆಗೆ ಹೊಂದುವಂತಾದವು. ಆದರೂ ಹೊರಗಿನ ಖರೀದಿದಾರರಲ್ಲಿ ‘ಹುಬ್ಳಿ’, ‘ಬೆಲ್ಗಾಂ’, ‘ಬೆಲ್ಲಾರಿ’ ಎಂಬ ಹಳೆಯ ರೂಪಗಳ ರೂಢಿ ಪೂರ್ತಿ ಹೋಗಿಲ್ಲ. ಇಂಗ್ಲಿಷ್ ಪುಟದ ಶೀರ್ಷಿಕೆಯಲ್ಲಿ ಅಧಿಕೃತ ಹೆಸರನ್ನಿಟ್ಟು, ವಿವರಣೆಯಲ್ಲಿ ಮತ್ತು ಪುಟದ ವಿಳಾಸದ ಭಾಗದಲ್ಲಿ ಹಳೆಯ ರೂಪವನ್ನೂ ಒಮ್ಮೆ ಸೇರಿಸುವುದರಿಂದ ಹಾನಿಯಿಲ್ಲ, ಅನುಕೂಲವಿದೆ.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ಎಷ್ಟೋ ಸಂಸ್ಥೆಗಳ ಕನ್ನಡ ಕರಪತ್ರ, ದರಪಟ್ಟಿಗಳು ಯೂನಿಕೋಡ್‌ಗೆ ಹಿಂದಿನ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಅವನ್ನು ಹಾಗೆಯೇ ತೆಗೆದು ಜಾಲಪುಟಕ್ಕೆ ಅಂಟಿಸಿದರೆ ಯಂತ್ರವು ಅದನ್ನು ಕನ್ನಡವೆಂದು ಓದುವುದಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೆಂದು ಓದುತ್ತದೆ. ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಅಂತಹ ಪುಟ ಕನ್ನಡದಲ್ಲಿ ಹುಡುಕಿದವರಿಗೆ ಎಂದಿಗೂ ಸಿಗಲಾರದು.

ಕೊಟ್ಟ ಮಾತು ಉಳಿಯಬೇಕು

ವಿವರಣೆಯನ್ನು ಆಕರ್ಷಕವಾಗಿ ಬರೆಯಬೇಕೆಂಬ ಸಲಹೆ ಎಲ್ಲೆಡೆ ದೊರೆಯುತ್ತದೆ. ಆಕರ್ಷಣೆಗಿಂತ ಸತ್ಯವೇ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ನೀತಿಯ ಕಾರಣವಿರುವಂತೆ ಲಾಭದ ಕಾರಣವೂ ಇದೆ. ‘ಉಚಿತ ಸಾಗಣೆ’ ಎಂದು ಫಲಿತಾಂಶದಲ್ಲಿ ಓದಿ ಒಳಗೆ ಬಂದವನಿಗೆ ‘ಐವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಖರೀದಿಗೆ ಮಾತ್ರ’ ಎಂದು ಕಂಡರೆ ಅವನು ಹಿಂದಿರುಗುತ್ತಾನೆ. ಮುಂದಿನ ಬಾರಿ ನಮ್ಮ ಹೆಸರು ಕಂಡರೂ ಒತ್ತುವುದಿಲ್ಲ. ಮೋಸ ಮಾಡಿ ಒಳಗೆ ಕರೆದ ನೂರು ಮಂದಿಗಿಂತ, ತಿಳಿದು ಬಂದ ಹತ್ತು ಮಂದಿಯಿಂದ ಆಗುವ ವ್ಯಾಪಾರ ಹೆಚ್ಚೆಂಬುದು ಪೇಟೆಯ ಹಳೆಯ ಅನುಭವ.

ಕಾನೂನಿನ ದೃಷ್ಟಿಯಿಂದಲೂ ಜಾಗ್ರತೆ ವಹಿಸಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಎಂಬುದರ ವ್ಯಾಖ್ಯೆ ಅಂತರ್ಜಾಲ ಮತ್ತು ಜಾಲತಾಣಗಳನ್ನೂ ಒಳಗೊಂಡಿದೆ. ದಾರಿತಪ್ಪಿಸುವ ಜಾಹೀರಾತನ್ನು ನಿಲ್ಲಿಸುವಂತೆ ವರ್ತಕರಿಗೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಉತ್ಪಾದಕರ ಮೇಲೆ ಮೊದಲ ಬಾರಿ 10 ಲಕ್ಷ ರೂಪಾಯಿಗಳವರೆಗೂ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೂ ದಂಡ ವಿಧಿಸಬಹುದು. ಎರಡು ಸಾಲಿನ ವಿವರಣೆ ಇದರಿಂದ ಹೊರತೆಂದು ಭಾವಿಸುವುದು ವಿವೇಕವಲ್ಲ. ಅಂತೆಯೇ, ಬೇರೆಡೆಯ ವಿದ್ಯುತ್ ಮಗ್ಗದ ಬಟ್ಟೆಗೆ ‘ಇಳಕಲ್’ ಎಂದೂ, ಬೇರೆ ಸೀಮೆಯ ಮೆಣಸಿನಕಾಯಿಗೆ ‘ಬ್ಯಾಡಗಿ’ ಎಂದೂ ಶೀರ್ಷಿಕೆ ಕೊಟ್ಟು ಗ್ರಾಹಕರನ್ನು ಸೆಳೆಯುವುದು 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಉಲ್ಲಂಘನೆಯಾಗುತ್ತದೆ. ನಿಜವಾದ ಉತ್ಪಾದಕರ ಪುಟದ ಮೇಲೆ ‘ಹೋಮ್’ ಎಂದಿದ್ದು, ನಕಲಿ ಮಾರಾಟಗಾರರ ಪುಟದ ಮೇಲೆ ಊರಿನ ಹೆಸರು ರಾರಾಜಿಸುತ್ತಿದ್ದರೆ, ಗ್ರಾಹಕರು ಮೋಸಹೋದದ್ದಕ್ಕೆ ನಮ್ಮ ಅಲಕ್ಷ್ಯವೂ ಕಾರಣವಾದಂತೆ ಅಲ್ಲವೇ?

ಕೆಲವು ಆಕ್ಷೇಪಣೆಗಳು

ಈ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಪರಿಶೀಲಿಸುವುದು ಉಚಿತ.

‘ನಾವು ಏನೇ ಬರೆದರೂ ಗೂಗಲ್ ತನಗೆ ಬೇಕಾದಂತೆ ಬದಲಿಸುತ್ತದೆ’ ಎಂಬುದು ಮೊದಲನೆಯದು. ಇದರಲ್ಲಿ ಸ್ವಲ್ಪ ಸತ್ಯವಿದೆ. ವಿವರಣೆಯ ಬದಲು, ಹುಡುಕಿದ ಮಾತಿಗೆ ಹೆಚ್ಚು ಹೊಂದುವ ಸಾಲುಗಳನ್ನು ಪುಟದಿಂದಲೇ ಎತ್ತಿಕೊಳ್ಳುವುದು ಅದರ ರೂಢಿ. 2021ರ ಆಗಸ್ಟ್‌ನಲ್ಲಿ ಶೀರ್ಷಿಕೆಗಳನ್ನು ರೂಪಿಸುವ ಹೊಸ ಪದ್ಧತಿಯನ್ನೂ ಅದು ತಂದಿತು. ಆದರೆ ಮರುತಿಂಗಳು ಅದೇ ಸಂಸ್ಥೆ ನೀಡಿದ ವಿವರಣೆಯ ಪ್ರಕಾರ ಸುಮಾರು ಶೇ. 87ರಷ್ಟು ಸಂದರ್ಭಗಳಲ್ಲಿ ಪುಟದ ಮಾಲೀಕರು ಕೊಟ್ಟ ಶೀರ್ಷಿಕೆಯೇ ಬಳಕೆಯಾಗುತ್ತಿತ್ತು. ಶೀರ್ಷಿಕೆ ಖಾಲಿಯಿದ್ದಾಗ, ಎಲ್ಲ ಪುಟಗಳಿಗೂ ಒಂದೇ ಆಗಿದ್ದಾಗ, ಪುಟದ ವಿಷಯಕ್ಕೆ ಹೊಂದದಿದ್ದಾಗ ಬದಲಾವಣೆಯ ಸಂಭವ ಹೆಚ್ಚು. ಎಂದರೆ, ಬರೆಯದೆ ಬಿಟ್ಟವರ ಮಾತನ್ನೇ ಯಂತ್ರವು ಬರೆಯುತ್ತದೆ.

‘ಸರಕುಗಳ ಹೆಸರನ್ನೆಲ್ಲ ಸಾಲಾಗಿ ತುಂಬಿಸಿದರೆ ಮೇಲಿನ ಸ್ಥಾನ ದೊರೆಯುತ್ತದೆ’ ಎಂಬುದು ಕೆಲವು ಸಲಹೆಗಾರರು ಹರಡಿರುವ ಇನ್ನೊಂದು ನಂಬಿಕೆ. ಕೀವರ್ಡ್‌ಗಳಿಗೆಂದೇ ಮೀಸಲಾದ ಮೆಟಾ ಗುರುತನ್ನು ಸ್ಥಾನ ನಿರ್ಧಾರಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿಯೇ ಬಹಿರಂಗವಾಗಿ ತಿಳಿಸಿದೆ. ವಿವರಣೆಯಿಂದಲೂ ಸ್ಥಾನ ಮೇಲೇರುವುದಿಲ್ಲ. ಹಾಗಾದರೆ ವಿವರಣೆಯ ಪ್ರಯೋಜನವೇನು? ಸ್ಥಾನ ಎಷ್ಟೇ ಇರಲಿ, ಕಂಡವರಲ್ಲಿ ಎಷ್ಟು ಮಂದಿ ಒಳಗೆ ಬರುತ್ತಾರೆಂಬುದು ಅದರಿಂದ ತೀರ್ಮಾನವಾಗುತ್ತದೆ. ಉದಾಹರಣೆಗಾಗಿ, ತಿಂಗಳಿಗೆ 1,000 ಬಾರಿ ಕಾಣಿಸಿಕೊಳ್ಳುವ ಪುಟವೊಂದನ್ನು 10 ಮಂದಿ ಒತ್ತುತ್ತಿದ್ದಾರೆಂದು ಭಾವಿಸೋಣ. ಅದೇ ಸ್ಥಾನದಲ್ಲಿಯೇ ಇದ್ದು 20 ಮಂದಿ ಒತ್ತುವಂತಾದರೆ, ಜಾಹೀರಾತಿಗೆ ಒಂದು ರೂಪಾಯಿಯನ್ನೂ ವೆಚ್ಚ ಮಾಡದೆ ವಿಚಾರಣೆಗೆ ಬರುವವರು ಇಮ್ಮಡಿಯಾದಂತೆ.

‘ಈಗ ಕೃತಕ ಬುದ್ಧಿಮತ್ತೆಯೇ ಉತ್ತರ ಕೊಡುತ್ತದೆ, ಶೀರ್ಷಿಕೆಗಳನ್ನು ನೋಡುವವರಾರು’ ಎಂಬುದು ಇತ್ತೀಚಿನ ಆಕ್ಷೇಪಣೆ. ಗೂಗಲ್ ತನ್ನ ಫಲಿತಾಂಶಗಳ ಮೇಲ್ಭಾಗದಲ್ಲಿ ಇಂತಹ ಸಾರಾಂಶಗಳನ್ನು ತೋರಿಸುವುದನ್ನು ಭಾರತಕ್ಕೆ 2024ರ ಆಗಸ್ಟ್‌ನಲ್ಲಿ ವಿಸ್ತರಿಸಿತು. ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಜನ ಅಲ್ಲಿಗೇ ತೃಪ್ತರಾಗಬಹುದು. ಆದರೆ ಹತ್ತು ಕ್ವಿಂಟಲ್ ಮೆಣಸಿನಕಾಯಿ ಕೊಳ್ಳುವವನು ಸಾರಾಂಶ ಓದಿ ಹಣ ಕಳುಹಿಸುವುದಿಲ್ಲ. ಮಾರಾಟಗಾರರು ಯಾರೆಂದು ಹುಡುಕಿಯೇ ಹುಡುಕುತ್ತಾನೆ. ಇನ್ನು ವಿವರಣೆಗಳನ್ನು ಬರೆಸಲು ಅದೇ ಯಂತ್ರವನ್ನು ಆಶ್ರಯಿಸುವವರೂ ಇದ್ದಾರೆ. ಭಾಷೆ ತಿದ್ದಲು ಅದು ನೆರವಾಗಬಹುದು. ನಮ್ಮ ಗೋದಾಮಿನಲ್ಲಿ ಏನಿದೆ, ನಾವು ಯಾವ ಮಾತು ಕೊಡಬಲ್ಲೆವು ಎಂಬುದನ್ನು ನಾವು ಹೇಳಿಕೊಡದ ಹೊರತು ಅದಕ್ಕೆ ತಿಳಿಯದು. ತಿಳಿಯದಿದ್ದಾಗ ಅದು ಬರೆಯುವುದೂ ‘ಅತ್ಯುತ್ತಮ ಗುಣಮಟ್ಟ’ವನ್ನೇ.

ಕೊನೆಯದಾಗಿ, ‘ನಮ್ಮ ವಿಚಾರಣೆಗಳೆಲ್ಲ ವರ್ತಕರ ಪಟ್ಟಿ ತಾಣಗಳಿಂದ ಬರುತ್ತವೆ, ಸ್ವಂತ ಪುಟದ ಚಿಂತೆ ಏಕೆ’ ಎನ್ನುವವರಿದ್ದಾರೆ. ವ್ಯಾಪಾರದ ಸ್ವಾತಂತ್ರ್ಯದ ಪ್ರಶ್ನೆ ಅಡಗಿರುವುದು ಇಲ್ಲಿಯೇ. ಅಂತಹ ತಾಣಗಳಲ್ಲಿ ಒಬ್ಬ ಖರೀದಿದಾರನ ವಿಚಾರಣೆ ಹಲವು ಮಾರಾಟಗಾರರಿಗೆ ಏಕಕಾಲಕ್ಕೆ ತಲುಪುತ್ತದೆ; ಪೈಪೋಟಿ ದರಕ್ಕಷ್ಟೇ ಸೀಮಿತವಾಗುತ್ತದೆ; ವರ್ಷ ವರ್ಷವೂ ಚಂದಾ ತೆರಬೇಕಾಗುತ್ತದೆ. ಆ ತಾಣಗಳು ಮೇಲಿನ ಸ್ಥಾನಗಳಲ್ಲಿ ಕಾಣಿಸುವುದಕ್ಕೆ ಕಾರಣಗಳು ಅನೇಕ. ಆದರೆ ಅವು ಒಂದೊಂದು ಸರಕಿಗೂ ಒಂದೊಂದು ಊರಿಗೂ ಪ್ರತ್ಯೇಕ ಪುಟ ಮಾಡಿ ಪ್ರತ್ಯೇಕ ಶೀರ್ಷಿಕೆ ಕೊಡುತ್ತವೆಂಬುದು ಆ ಕಾರಣಗಳಲ್ಲಿ ಒಂದು. ನಮ್ಮ ಸರಕನ್ನು ನಮಗಿಂತ ಸ್ಪಷ್ಟವಾಗಿ ಮಧ್ಯವರ್ತಿಯು ಹೆಸರಿಸಿದರೆ ಗ್ರಾಹಕ ಅವನ ಬಾಗಿಲಿಗೆ ಹೋಗುವುದು ಸಹಜ. ದಲ್ಲಾಳಿಯ ಸೇವೆ ಬೇಡವೆಂದಲ್ಲ. ದಲ್ಲಾಳಿಯಿಲ್ಲದೆ ನಮ್ಮನ್ನು ಕಾಣಲು ಬಯಸುವವನಿಗೆ ನಮ್ಮ ಬಾಗಿಲು ಕಾಣಿಸುವಂತಿರಬೇಕು.

ಮಾಡಬೇಕಾದದ್ದು

ಸದಸ್ಯರು ಮೊದಲು ತಮ್ಮ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳಬಹುದು. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನ ‘ಸೈಟ್’ ಎಂಬ ಪದ, ಅದಕ್ಕೆ ತಗಲಿದಂತೆ ವಿವರಣ ಚಿಹ್ನೆಯ ಎರಡು ಚುಕ್ಕೆ, ಅದರ ಮುಂದೆ ತಮ್ಮ ಜಾಲತಾಣದ ವಿಳಾಸ ಇಷ್ಟನ್ನು ಜಾಗ ಬಿಡದೆ ಬರೆದು ಹುಡುಕಿದರೆ, ತಮ್ಮ ತಾಣದ ಪುಟಗಳು ಹೊರಗಿನವರಿಗೆ ಹೇಗೆ ಕಾಣಿಸುತ್ತಿವೆ ಎಂಬುದು ತಿಳಿಯುತ್ತದೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ನೋಂದಾಯಿಸಿಕೊಂಡರೆ, ಜನರು ಯಾವ ಮಾತುಗಳಿಂದ ಹುಡುಕಿದಾಗ ತಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬ ಲೆಕ್ಕ 16 ತಿಂಗಳವರೆಗಿನದು ದೊರೆಯುತ್ತದೆ. ಖಾತೆ ಪುಸ್ತಕ ಓದಬಲ್ಲ ವರ್ತಕರಿಗೆ ಈ ಲೆಕ್ಕ ಓದುವುದು ಕಷ್ಟವೇನಲ್ಲ.

ಅನಂತರ, ಹೆಚ್ಚು ಬೇಡಿಕೆಯಿರುವ ಐದು ಸರಕುಗಳ ಪುಟಗಳನ್ನಾದರೂ ಆರಿಸಿಕೊಂಡು, ಪ್ರತಿಯೊಂದಕ್ಕೂ ಗ್ರಾಹಕರು ದೂರವಾಣಿಯಲ್ಲಿ ಕೇಳುವ ಮೊದಲ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಅವುಗಳ ಉತ್ತರವನ್ನೇ ಶೀರ್ಷಿಕೆ ಮತ್ತು ವಿವರಣೆಯಾಗಿ ರೂಪಿಸಿ ತಂತ್ರಜ್ಞರ ಕೈಗೆ ಕೊಡಬೇಕು. ಹೊಸದಾಗಿ ಜಾಲತಾಣ ಮಾಡಿಸುವವರು ಕರಾರಿನಲ್ಲಿಯೇ, ಪ್ರತಿ ಪುಟದ ಶೀರ್ಷಿಕೆ ಹಾಗೂ ವಿವರಣೆಗೆ ಮಾಲೀಕರ ಲಿಖಿತ ಒಪ್ಪಿಗೆ ಅಗತ್ಯವೆಂಬ ಒಂದು ಷರತ್ತನ್ನು ಸೇರಿಸುವುದು ಒಳ್ಳೆಯದು. ದರ ಬದಲಾದಾಗ, ಹಂಗಾಮು ಮುಗಿದಾಗ, ಸರಕು ನಿಂತುಹೋದಾಗ ಈ ಸಾಲುಗಳನ್ನೂ ತಿದ್ದಿಸಬೇಕು. ಕಳೆದ ವರ್ಷದ ದರಪಟ್ಟಿಯನ್ನು ಯಾರೂ ಅಂಗಡಿಯ ಮುಂದೆ ತೂಗುಹಾಕಿರುವುದಿಲ್ಲವಷ್ಟೆ.

ವಾಣಿಜ್ಯ ಸಂಸ್ಥೆಗಳ ಪಾತ್ರವೂ ಇಲ್ಲಿದೆ. ತೆರಿಗೆ ವಿವರಣಪತ್ರ, ರಫ್ತು ದಾಖಲೆಗಳ ಬಗ್ಗೆ ನಾವು ಶಿಬಿರಗಳನ್ನು ಏರ್ಪಡಿಸುವಂತೆಯೇ, ಸಣ್ಣ ಉದ್ದಿಮೆದಾರರು ತಮ್ಮ ಪುಟಗಳ ಸಾಲುಗಳನ್ನು ತಾವೇ ಕುಳಿತು ಬರೆಯುವ ಅರ್ಧ ದಿನದ ಶಿಬಿರಗಳನ್ನು ಏರ್ಪಡಿಸಬಹುದು. ಅಲ್ಲಿ ತಂತ್ರಜ್ಞರ ಜೊತೆಗೆ ಅನುಭವಿ ಮಾರಾಟಗಾರರನ್ನೂ ಕನ್ನಡ ಬಲ್ಲವರನ್ನೂ ಕೂರಿಸಬೇಕು. ಸಂಸ್ಥೆಗಳು ಪ್ರಕಟಿಸುವ ಸದಸ್ಯರ ಪಟ್ಟಿಗಳಲ್ಲಿಯೂ ‘ಜನರಲ್ ಮರ್ಚಂಟ್ಸ್’ ಎಂಬ ಒಂದೇ ಮಾತಿನ ಬದಲು ಪ್ರತಿ ಸದಸ್ಯರ ಮುಖ್ಯ ಸರಕನ್ನು ಹೇಳುವ ಒಂದು ಖಚಿತ ಸಾಲು ಇರಲಿ.

ಬಂಡವಾಳ ಬೇಡದ, ಪರವಾನಗಿ ಬೇಡದ, ಸಾಲ ಬೇಡದ ಸುಧಾರಣೆಗಳು ವ್ಯಾಪಾರದಲ್ಲಿ ವಿರಳ. ಇದು ಅಂತಹವುಗಳಲ್ಲಿ ಒಂದು. ಇದಕ್ಕೆ ಬೇಕಾದದ್ದು ತನ್ನ ಸರಕನ್ನು ಬಲ್ಲವರ ಒಂದು ಮಧ್ಯಾಹ್ನದ ವಿರಾಮ ಮಾತ್ರ. ವರ್ತಕ ಬಾಂಧವರು ಈ ಕೆಲಸವನ್ನು ಇನ್ನೊಬ್ಬರಿಗೆ ವಹಿಸದೆ ತಾವೇ ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.